ಲೋಗೋ ಬಂದ ಕೂಡಲೇ ರೀಸ್ಟಾರ್ಟ್ ಆಗುವ ಕಂಪ್ಯೂಟರ್

ವಿಂಡೋಸ್ 10 ಲೋಗೋ ಬಂದು, ಚುಕ್ಕೆಗಳು ಎರಡು ಸುತ್ತು ತಿರುಗುವಷ್ಟರಲ್ಲಿ ಮತ್ತೆ ರೀಸ್ಟಾರ್ಟ್ ಆಗುತ್ತಿದೆ, ಹೊಸ ರ‍್ಯಾಮ್ (ಮೆಮೊರಿ ಕಡ್ಡಿ) ಹಾಕಿದ ಮೇಲೆ ಶುರುವಾಯಿತು ಅಂದಿದ್ದೀರಿ. ಹಾಗಾದರೆ ಮೊದಲ ಅನುಮಾನ ಆ ರ‍್ಯಾಮ್ ಮೇಲೆಯೇ, ಅಲ್ವಾ? ದಯವಿಟ್ಟು ಈಗಲೇ ವಿಂಡೋಸ್ ಹೊಸದಾಗಿ ಹಾಕಲು ಹೋಗಬೇಡಿ, ಸುಮ್ನೆ ಫೈಲ್‌ಗಳು ಹೋದಾವು.

ಪವರ್ ಕೇಬಲ್ ಕಿತ್ತು, ಹೊಸ ರ‍್ಯಾಮ್ ತೆಗೆದಿಟ್ಟು, ಹಳೆಯದರಲ್ಲೇ ಆನ್ ಮಾಡಿ. ಸರಿಯಾಗಿ ಬಂದರೆ ಮತ್ತೆ ಕೇಬಲ್ ಕಿತ್ತು, ಹಳೆಯದರ ಜಾಗದಲ್ಲಿ ಹೊಸದೊಂದನ್ನೇ ಹಾಕಿ ನೋಡಿ. ಕ್ಲಿಪ್ 'ಟಕ್' ಅಂತ ಕೂರಬೇಕು. ಒಂದು ತುದಿ ಸ್ವಲ್ಪ ಮೇಲಿದ್ದರೂ ಇದೇ ಕಾಟ.

ರ‍್ಯಾಮ್ ತೆಗೆದರೂ ನಿಲ್ಲಲಿಲ್ಲವಾ? ಲೋಗೋ ಬಂದಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಕೊಡಿ. ಪಟ್ಟಿ ಬಂದಾಗ 9 ಒತ್ತಿ. ಆಗ ವಿಂಡೋಸ್ ತಾನೇ ರೀಸ್ಟಾರ್ಟ್ ಮಾಡುವುದಿಲ್ಲ, ದೋಷ ತೋರಿಸುವ ನೀಲಿ ಪರದೆ ಹಾಗೇ ನಿಲ್ಲುತ್ತದೆ. ಅದರಲ್ಲಿ ಸ್ಟಾಪ್ ಕೋಡ್ (ಯಾವ ದೋಷ ಎಂದು ಹೇಳುವ ಸಂಕೇತ) ಇರುತ್ತದೆ, ಫೋಟೊ ತೆಗೆದು ಇಲ್ಲಿ ಹಾಕಿ. ನೀಲಿ ಪರದೆಯೇ ಬರದೆ ದಿಢೀರನೆ ಆಫ್ ಆಗಿ ಆನ್ ಆದರೆ ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗೆ ಕರೆಂಟ್ ಕೊಡುವ ಪೆಟ್ಟಿಗೆ) ಪರೀಕ್ಷೆ ಮಾಡಿಸಿ.