ಡಾಕ್ಟ್ರೇ, ನಿಂಬೆ ಶರಬತ್ತು ಕುಡಿದರೂ ತಲೆನೋವು ಬಿಡ್ತಿಲ್ಲ

ಪ್ರಶ್ನೆ: ನನಗೆ 34 ವರ್ಷ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಒಂದೂವರೆ ಕ್ವಾರ್ಟರ್ ಬ್ರಾಂದಿ ಕುಡಿಯುತ್ತೇನೆ. ಮರುದಿನ ತಲೆ ಸಿಡಿಯುತ್ತದೆ, ವಾಕರಿಕೆ ಬರುತ್ತದೆ. ಹೆಂಡತಿ ನಿಂಬೆ ಶರಬತ್ತು ಮಾಡಿಕೊಡುತ್ತಾಳೆ. ಬೆಳಗ್ಗೆ ಒಂದು ನೈಂಟಿ ಹಾಕಿದರೆ ಸರಿಹೋಗುತ್ತೆ ಅಂತಾನೆ ಗೆಳೆಯ. ಮಲಗುವ ಮುಂಚೆ ಮಾತ್ರೆ ನುಂಗಬಹುದೇ? ಏಳೂವರೆಗೆ ಬೈಕಲ್ಲಿ ಡ್ಯೂಟಿಗೆ ಹೋಗಬೇಕು.
— ಓದುಗ, ಹಾಸನ

ಉತ್ತರ: ಮೊದಲು ಬೈಕಿನ ವಿಷಯ. ಒಂದೂವರೆ ಕ್ವಾರ್ಟರ್ ಅಂದರೆ 270 ಎಂ.ಎಲ್. ಬಾಟಲಿ ಮೇಲೆ 42.8% ಅಂತ ಇರುತ್ತದಲ್ವಾ, ಆ ಲೆಕ್ಕದಲ್ಲಿ ನಿಮ್ಮ ಹೊಟ್ಟೆಗೆ ಹೋದದ್ದು ಸುಮಾರು 90 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮ ಲಿವರ್ ಗಂಟೆಗೆ ಕರಗಿಸುವುದು ಏಳರಿಂದ ಹತ್ತು ಗ್ರಾಂ ಅಷ್ಟೇ. ರಾತ್ರಿ ಒಂಬತ್ತಕ್ಕೆ ಶುರು ಮಾಡಿದರೆ ಪೂರ್ತಿ ಇಳಿಯುವಷ್ಟರಲ್ಲಿ ಬೆಳಗ್ಗೆ ಆರು ಗಂಟೆಯೂ ಆಗಬಹುದು, ಹತ್ತು ಗಂಟೆಯೂ ಆಗಬಹುದು. ನಿದ್ದೆ ಮಾಡಿ ಎದ್ದಿದ್ದೀರಿ ಅಂದ ಮಾತ್ರಕ್ಕೆ ಇಳಿದಿದೆ ಅಂತಲ್ಲ. 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಅವತ್ತು ಬಸ್ಸು ಹತ್ತಿ, ದಯವಿಟ್ಟು.

ಇದೇ ಲೆಕ್ಕದಲ್ಲಿ ನಿಮ್ಮ ಗೆಳೆಯನ ಮದ್ದಿಗೂ ಉತ್ತರ ಇದೆ. ನಶೆ ಇಳಿಯುವ ಹೊತ್ತಿಗೇ ತಲೆನೋವು ಜೋರಾಗುವುದು. ಬೆಳಗಿನ ನೈಂಟಿ ಆ ಇಳಿತವನ್ನು ಮಧ್ಯಾಹ್ನಕ್ಕೆ ತಳ್ಳುತ್ತದೆ, ಅಷ್ಟೇ. ನನ್ನಲ್ಲಿಗೆ ಬರುವ ಕುಡಿತದ ರೋಗಿಗಳಲ್ಲಿ ಎಷ್ಟೋ ಮಂದಿ "ತಲೆನೋವಿಗೆ ಅಂತ ಬೆಳಗ್ಗೆ ಶುರು ಮಾಡಿದ್ದು" ಅಂತಲೇ ಹೇಳಿದ್ದಾರೆ. ಆ ದಾರಿ ಬೇಡವೇ ಬೇಡ.

ಮಾತ್ರೆಯೂ ಬೇಡ. ಒಂದು ಭಾನುವಾರ ಒಬ್ಬ ಹುಡುಗ ತಲೆಗೆ ಟವೆಲ್ ಬಿಗಿದುಕೊಂಡು ಬಂದ. ಜೇಬಿನಿಂದ ಪ್ಯಾರಾಸಿಟಮಾಲ್ ಶೀಟು ತೆಗೆದ, ಆರು ಗುಳಿ ಖಾಲಿ. ರಾತ್ರಿಯಿಂದ ನುಂಗಿದ್ದು! ಮದ್ಯದ ಜೊತೆ ಅಷ್ಟೊಂದು ಪ್ಯಾರಾಸಿಟಮಾಲ್ ಲಿವರ್‌ಗೆ ಏಟು ಕೊಡಬಹುದು. ಐಬುಪ್ರೊಫೆನ್, ಆಸ್ಪಿರಿನ್ ಆದರೆ ಮೊದಲೇ ಉರಿಯುತ್ತಿರುವ ಹೊಟ್ಟೆಯನ್ನು ಇನ್ನಷ್ಟು ಕೆಡಿಸುತ್ತವೆ.

ಶರಬತ್ತು ಒಳ್ಳೆಯದೇ. ನಶೆ ಇಳಿಸುತ್ತೆ ಅಂತಲ್ಲ, ಕುಡಿದಾಗ ಜಾಸ್ತಿ ಮೂತ್ರ ಹೋಗಿ ಮೈಯ ನೀರು ಖಾಲಿಯಾಗಿರುತ್ತದೆ, ಅದಕ್ಕೆ. ಚಿಟಿಕೆ ಉಪ್ಪು ಹಾಕಿಸಿಕೊಳ್ಳಿ. ಓಆರ್‌ಎಸ್, ಎಳನೀರು, ನೀರು ಮಜ್ಜಿಗೆ ಯಾವುದಾದರೂ ಸರಿ, ಗುಟುಕು ಗುಟುಕಾಗಿ. ಸಕ್ಕರೆ ಅಂಶ ಕಮ್ಮಿಯಾಗಿ ಕೈ ನಡುಗಬಹುದು, ಹಾಗಾಗಿ ಗಂಜಿಯೋ ಇಡ್ಲಿಯೋ ಸ್ವಲ್ಪ ತಿನ್ನಿ. ಆಮೇಲೆ ಮಲಗಿ. ಕಾಫಿಯಿಂದ ನಿದ್ದೆ ಹೋಗುತ್ತದೆ, ಮದ್ಯ ಹೋಗಲ್ಲ.

ಮುಂದಿನ ಸಲ ಬರೀ ಕಡಲೆಬೀಜ ನೆಂಚಿಕೊಂಡು ಕೂರಬೇಡಿ. ಊಟ ಮಾಡಿ ಹೋಗಿ, ಪ್ರತಿ ಪೆಗ್ ಆದ ಮೇಲೆ ಒಂದು ಲೋಟ ಬರೀ ನೀರು ಕುಡಿಯಿರಿ. ಬ್ರಾಂದಿ, ರಮ್‌ನಂಥ ಬಣ್ಣದ ಮದ್ಯದಲ್ಲಿ ತಲೆನೋವು ಹೆಚ್ಚಿಸುವ ಬೇರೆ ಅಂಶಗಳೂ ಜಾಸ್ತಿ ಇರುತ್ತವೆ. ಆದರೆ ನಿಜವಾಗಿ ಫಲ ಕೊಡುವುದು ಅಳತೆ ಇಳಿಸುವುದು. ಒಂದೂವರೆ ಕ್ವಾರ್ಟರ್ ಒಂದು ರಾತ್ರಿಗೆ ತೀರಾ ಜಾಸ್ತಿ. ಬಿಟ್ಟೇಬಿಟ್ಟರೆ ನನಗೆ ಇನ್ನೂ ಖುಷಿ.

ಇನ್ನೊಂದು ಮಾತು, ಇದನ್ನು ಗೆಳೆಯರಿಗೂ ಓದಿ ಹೇಳಿ. ಕುಡಿದವರು ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅದು ಹ್ಯಾಂಗೋವರ್ ಅಲ್ಲ. ಮಗ್ಗುಲಿಗೆ ಮಲಗಿಸಿ, ತಕ್ಷಣ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಪಕ್ಕದಲ್ಲೇ ಇರಿ.