ಅತ್ತು ಕ್ಷಮೆ ಕೇಳಿದರೂ ಮತ್ತೆ ಅದೇ ತಪ್ಪು ಮಾಡುತ್ತೇನೆ. ನನ್ನ ಪಶ್ಚಾತ್ತಾಪ ಸುಳ್ಳೇ?

ಪ್ರತಿ ಭಾನುವಾರ ಅತ್ತು ಪ್ರಾರ್ಥಿಸುತ್ತೇನೆ, ವಾರ ಕಳೆಯುವಷ್ಟರಲ್ಲಿ ಮನೆಯವರ ಮೇಲೆ ಮತ್ತೆ ಅದೇ ಕೋಪ, ಅದೇ ಗರ್ವ ಅಂತ ಬರೆದಿದ್ದೀರಿ. ಈ ಸಂಕಟ ನನಗೂ ಗೊತ್ತು.

ನನ್ನ ಕಣ್ಣು ತೆರೆಸಿದ್ದು ಬೈಬಲಿನ ಇಬ್ಬರು ಅರಸರ ಕಥೆ. ಸೌಲ, ದಾವೀದ ಇಬ್ಬರೂ ‘ನಾನು ಪಾಪ ಮಾಡಿದ್ದೇನೆ’ ಎಂದವರೇ. ಆದರೆ 1 ಸಮುವೇಲ 15ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಶತ್ರುಗಳಾದ ಅಮಾಲೇಕ್ಯರನ್ನೂ ಅವರ ಕುರಿದನಗಳನ್ನೂ ಉಳಿಸದೆ ನಾಶಮಾಡು ಎಂದು ದೇವರು ಸೌಲನಿಗೆ ಹೇಳಿದ್ದ. ಸೌಲ ಮೊದಲು, ದೇವರು ಹೇಳಿದಂತೆಯೇ ಮಾಡಿದ್ದೇನೆ ಎನ್ನುತ್ತಾನೆ. ಹಾಗಾದರೆ ಈ ಕುರಿಗಳ ಕೂಗು ಏನು ಎಂದು ಪ್ರವಾದಿ ಸಮುವೇಲ ಕೇಳಿದರೆ, ಜನರು ಉಳಿಸಿಕೊಂಡರು ಎನ್ನುತ್ತಾನೆ. ತಪ್ಪು ಒಪ್ಪಿಕೊಂಡ ಮೇಲೂ, ಜನರಿಗೆ ಹೆದರಿ ಹಾಗೆ ಮಾಡಿದೆ ಎನ್ನುತ್ತಾನೆ. ಕೊನೆಗೆ, ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದು ಬೇಡುತ್ತಾನೆ. ಅವನಿಗೆ ಪಾಪಕ್ಕಿಂತ ಮರ್ಯಾದೆಯ ಚಿಂತೆಯೇ ಜಾಸ್ತಿ ಇತ್ತು, ಅಲ್ವಾ?

ದಾವೀದನ ಪಾಪವೇನೂ ಸಣ್ಣದಲ್ಲ. ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ತೆಗೆದುಕೊಂಡ, ಊರೀಯನನ್ನೇ ಕೊಲ್ಲಿಸಿದ. ಆದರೆ ಪ್ರವಾದಿ ನಾತಾನನು, ಬಡವನ ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿ ‘ಆ ಮನುಷ್ಯ ನೀನೇ’ ಎಂದಾಗ ಅವನು ಹೇಳಿದ್ದು ಒಂದೇ ಮಾತು: ಕರ್ತನಿಗೆ ವಿರುದ್ಧವಾಗಿ ಪಾಪ ಮಾಡಿದ್ದೇನೆ. ಕಾರಣ ಕೊಡಲಿಲ್ಲ. ಬತ್ಷೆಬೆಯ ಮೇಲೆ ಹಾಕಲಿಲ್ಲ. ಅರಸನಾಗಿದ್ದೂ ನಾತಾನನ ಬಾಯಿ ಮುಚ್ಚಿಸಲಿಲ್ಲ. ನನ್ನ ಮಟ್ಟಿಗೆ ದೀನತೆ ಅಂದರೆ ಇದೇ.

ಒಮ್ಮೆ ನಾನು ಮಾಡಿದ ತಪ್ಪನ್ನು ಜೊತೆಗೆ ಕೆಲಸ ಮಾಡುವವರ ತಲೆಗೆ ಕಟ್ಟಿದ್ದೆ. ಅವರು ಬೈಸಿಕೊಂಡರು. ನಾನು ತಿಂಗಳುಗಟ್ಟಲೆ ದೇವರ ಮುಂದೆ ಅತ್ತೆ, ಅವರ ಹತ್ತಿರ ಮಾತ್ರ ಹೋಗಲಿಲ್ಲ. ದೇವರ ಮುಂದೆ ಅಳುವುದು ನನಗೆ ಸುಲಭವಾಗಿತ್ತು, ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದು ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಗೊತ್ತಿದ್ದೂ ತಡ ಮಾಡಿದೆ. ಕೊನೆಗೆ ಅವರಿಗೂ ಮೇಲಿನವರಿಗೂ ನಿಜ ಹೇಳಿದೆ. ಬೈಸಿಕೊಂಡವರು ತಕ್ಷಣ ಕ್ಷಮಿಸಲಿಲ್ಲ. ಸುಮ್ನೆ ಎದ್ದು ಹೋದರು. ಆ ಮೌನವನ್ನು ತಡೆದುಕೊಳ್ಳುವುದು ಕೂಡ ಪಶ್ಚಾತ್ತಾಪದ ಪಾಲು ಎಂದು ನನಗೆ ಅವತ್ತು ಅರ್ಥವಾಯಿತು. ಯೇಸುವನ್ನು ಕಂಡು ಬದಲಾದ ಸುಂಕದವರ ಮುಖ್ಯಸ್ಥ ಜಕ್ಕಾಯ ಅತ್ತ ಅಂತ ಲೂಕ ತನ್ನ ಸುವಾರ್ತೆಯಲ್ಲಿ ಎಲ್ಲೂ ಬರೆದಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ ಎಂದಷ್ಟೇ ಇದೆ.

ಮತ್ತೆ ಮತ್ತೆ ಬೀಳುವುದರ ಬಗ್ಗೆ. ನಿಮ್ಮ ಸಹೋದರ ದಿನಕ್ಕೆ 7 ಸಲ ತಪ್ಪು ಮಾಡಿ 7 ಸಲವೂ ತಿರುಗಿ ಬಂದರೆ ಕ್ಷಮಿಸು ಎಂದು ಯೇಸುವೇ ಹೇಳಿದ್ದಾನೆ. ನಮಗೆ ಹೀಗೆ ಹೇಳಿದವನು, ಎಂಟು ದಿನಕ್ಕೊಮ್ಮೆ ಅಳುತ್ತಾ ಬರುವ ನಿಮ್ಮನ್ನು ತಳ್ಳಿಬಿಡುತ್ತಾನಾ? ಬಿದ್ದದ್ದರಿಂದಲೇ ನಿಮ್ಮ ಕಣ್ಣೀರು ಸುಳ್ಳಾಗುವುದಿಲ್ಲ.

ಆದರೆ ಈ ವಾರ ಕೋಪ ಬಂದು ಮಾತು ಜಾರಿದರೆ ಭಾನುವಾರದವರೆಗೆ ಕಾಯಬೇಡಿ. ಅವತ್ತೇ ಆ ವ್ಯಕ್ತಿಯ ಹತ್ತಿರ ಹೋಗಿ ‘ನಾನು ಹಾಗೆ ಮಾತಾಡಿದ್ದು ತಪ್ಪು’ ಎಂದು ಹೇಳಿ. ಅದರ ಹಿಂದೆ ‘ಆದರೆ ನೀನೂ...’ ಸೇರಿಸಬೇಡಿ. ಆ ಮಾತು ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಅದನ್ನು ನುಂಗಿಕೊಂಡು, ಅವರು ಏನು ಹೇಳುತ್ತಾರೋ ಪೂರ್ತಿ ಕೇಳಿಸಿಕೊಳ್ಳಿ.