ಮಾರುವ ಮುನ್ನ ಯಾವ ಕೆಲಸಕ್ಕೆ ಹಣ ಹಾಕಬೇಕು?

ಪ್ರಶ್ನೆ: ನಮ್ಮ 22 ವರ್ಷ ಹಳೆಯ ಸ್ವಂತ ಮನೆಯನ್ನು ಇನ್ನೆರಡು ವರ್ಷಗಳಲ್ಲಿ ಮಾರಬೇಕೆಂದಿದ್ದೇವೆ. ಕೂಡಿಟ್ಟ ಹಣದಲ್ಲಿ ಅಡುಗೆಮನೆಯನ್ನು ಪೂರ್ತಿ ಹೊಸದಾಗಿಸಿ, ಹಾಲ್‌ಗೆ ಫಾಲ್ಸ್ ಸೀಲಿಂಗ್ ಹಾಕಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂಬುದು ನಮ್ಮ ಯಜಮಾನರ ಅಭಿಪ್ರಾಯ. ಇದು ಸರಿಯೆ? ಬಚ್ಚಲುಮನೆಗೆ ಹೊಂದಿಕೊಂಡ ಗೋಡೆಯಲ್ಲಿ ಬಣ್ಣ ಎದ್ದು ಬರುತ್ತಿದೆ. ಅದಕ್ಕೆ ಕೊನೆಯಲ್ಲಿ ಬಣ್ಣ ಹೊಡೆಸಿದರೆ ಸಾಕಲ್ಲವೆ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ ಬಂದ ಗೋಡೆಯೇ ನಿಮ್ಮ ಪಟ್ಟಿಯಲ್ಲಿ ಮೊದಲು ಇರಬೇಕಾಗಿತ್ತು. ಕೊಳ್ಳುವವರು ಮಾರುವವರ ಅಭಿರುಚಿಗೆ ಹಣ ಕೊಡುವುದು ಕಡಿಮೆ. ಆದರೆ ತಮಗೆ ಹುಟ್ಟಿದ ಪ್ರತಿಯೊಂದು ಅನುಮಾನಕ್ಕೂ ಬೆಲೆ ಕಟ್ಟಿ, ದುರಸ್ತಿಗೆ ನಿಜವಾಗಿ ತಗಲುವುದಕ್ಕಿಂತ ಹೆಚ್ಚಿನ ಮೊತ್ತವನ್ನೇ ನೀವು ಹೇಳಿದ ಬೆಲೆಯಿಂದ ಕಳೆಯಲು ನೋಡುತ್ತಾರೆ.

ಬಣ್ಣ ಎದ್ದ ಜಾಗವನ್ನು ಉಗುರಿನಿಂದ ಕೆರೆದು ನೋಡಿ. ಬಿಳಿಯ ಪುಡಿ ಉದುರಿದರೆ, ಗೋಡೆಯೊಳಗೆ ಸೇರಿದ ನೀರು ಇಟ್ಟಿಗೆ ಮತ್ತು ಗಾರೆಯಲ್ಲಿರುವ ಲವಣವನ್ನು ಕರಗಿಸಿಕೊಂಡು ಹೊರಮೈಗೆ ಬಂದು, ತಾನು ಆರಿ, ಲವಣವನ್ನು ಅಲ್ಲಿಯೇ ಬಿಟ್ಟಿದೆ ಎಂದರ್ಥ. ಅದರ ಮೇಲೆ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಮತ್ತೆ ಏಳುತ್ತದೆ. ಅಲ್ಲದೆ, ಮಾಸಿದ ಗೋಡೆಗಳ ನಡುವೆ ಒಂದೇ ಗೋಡೆ ಹೊಸ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಅನುಭವಿಗಳ ಕೈ ನೇರವಾಗಿ ಅದನ್ನೇ ಮುಟ್ಟಿ ನೋಡುತ್ತದೆ.

ಬಚ್ಚಲಿನ ನೀರು ಹೋಗುವ ಕಿಂಡಿಯನ್ನು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಎರಡು ಬೆರಳಷ್ಟು ನೀರು ನಿಲ್ಲಿಸಿ, ಅಂಚಿಗೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡಿ. ನೀರು ಸಾಕಷ್ಟು ಇಳಿದು ಆಚೆಯ ಗೋಡೆ ಹಸಿಯಾದರೆ ತೊಂದರೆ ನೆಲದ ವಾಟರ್‌ಪ್ರೂಫಿಂಗ್‌ನಲ್ಲಿದೆ. ಮಟ್ಟ ಇಳಿಯದೆಯೂ ಗೋಡೆ ತೇವವಾಗಿಯೇ ಇದ್ದರೆ ಒಳಗಿನ ಪೈಪನ್ನು ಪರೀಕ್ಷಿಸಬೇಕು. ಟೈಲ್ಸ್ ಸಂದುಗಳಿಗೆ ಬಿಳಿ ಸಿಮೆಂಟ್ ತುಂಬಿ ಕೈತೊಳೆದುಕೊಳ್ಳುವ ಕೆಲಸಗಾರರಿದ್ದಾರೆ, ಅದಕ್ಕೆ ಒಪ್ಪಬೇಡಿ. ದುರಸ್ತಿಯ ನಂತರ ಗೋಡೆ ಪೂರ್ತಿ ಒಣಗಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಕೈಯಲ್ಲಿರುವ ಎರಡು ವರ್ಷವನ್ನು ಇದಕ್ಕೆ ಬಳಸಿ, ಬಣ್ಣವನ್ನು ಕೊನೆಗೆ ಉಳಿಸಿಕೊಳ್ಳಿ.

ಇದೇ ಹೊತ್ತಿನಲ್ಲಿ ತಾರಸಿಯ ಬಿರುಕು ಮತ್ತು ಹಳೆಯ ವೈರಿಂಗ್‌ ಅನ್ನೂ ನೋಡಿಸಿ. 30 ಮಿಲಿಆಂಪಿಯರ್‌ನಷ್ಟು ಅಲ್ಪ ವಿದ್ಯುತ್ ಸೋರಿದರೂ ಸಂಪರ್ಕ ಕಡಿತಗೊಳಿಸುವ ಸುರಕ್ಷಾ ಸ್ವಿಚ್ ಮನೆಯಲ್ಲಿ ಇಲ್ಲದಿದ್ದರೆ ಹಾಕಿಸುವುದು ಮಾರಾಟಕ್ಕಿಂತ ಮುಂಚೆ ನಿಮಗಾಗಿಯೇ ಅಗತ್ಯ. ಗೋಡೆ ಮುಚ್ಚುವ ಮೊದಲು ಪೈಪ್ ಮತ್ತು ವೈರ್ ಹಾದುಹೋದ ದಾರಿಯ ಫೋಟೊ ತೆಗೆದು, ಬಿಲ್ಲುಗಳೊಂದಿಗೆ ಇಟ್ಟುಕೊಂಡರೆ ಕೊಳ್ಳುವವರ ಮುಂದೆ ಬಾಯಿಮಾತಿಗಿಂತ ಅವು ಹೆಚ್ಚು ಕೆಲಸ ಮಾಡುತ್ತವೆ.

ಇನ್ನು ನಿಮ್ಮ ಯಜಮಾನರ ಯೋಜನೆಯ ಬಗ್ಗೆ. ಅಡುಗೆಮನೆಯ ಕಪಾಟುಗಳ ಚೌಕಟ್ಟು ಗಟ್ಟಿಯಾಗಿದ್ದರೆ ಬಾಗಿಲು, ಕೀಲು, ಹಿಡಿಕೆ ಬದಲಿಸಿ, ಕಟ್ಟೆಯ ಮೇಲೆ ಒಳ್ಳೆಯ ಬೆಳಕು ಬೀಳುವಂತೆ ಮಾಡಿದರೆ ಸಾಕು. ಪೂರ್ತಿ ಹೊಸ ಅಡುಗೆಮನೆಯ ಖರ್ಚು ಅಷ್ಟೂ ಮರಳಿ ಬರುವುದು ಅಪರೂಪ, ಏಕೆಂದರೆ ಅಕ್ಕಪಕ್ಕದ ಮನೆಗಳು ಮಾರಾಟವಾಗುವ ಬೆಲೆ ನಿಮ್ಮ ಮನೆಯ ಬೆಲೆಗೂ ಮಿತಿ ಹಾಕುತ್ತದೆ. ಫಾಲ್ಸ್ ಸೀಲಿಂಗ್ ಅನ್ನಂತೂ ನಾನು ಬೇಡವೆನ್ನುತ್ತೇನೆ: ಅದು ಕೋಣೆಯ ಎತ್ತರವನ್ನು ತಗ್ಗಿಸುವುದಲ್ಲದೆ, ಹಳೆಯ ಮನೆಯಲ್ಲಿ ಮೇಲೆ ಏನನ್ನು ಮುಚ್ಚಿದ್ದಾರೋ ಎಂಬ ಶಂಕೆಯನ್ನೂ ಹುಟ್ಟಿಸುತ್ತದೆ.

ಪ್ರಶ್ನೆ: ಎರಡು ಚಿಕ್ಕ ಮಲಗುವ ಕೋಣೆಗಳ ನಡುವಿನ ಗೋಡೆ ತೆಗೆದು ಒಂದೇ ದೊಡ್ಡ ಕೋಣೆ ಮಾಡಿದರೆ ಬೆಲೆ ಹೆಚ್ಚುವುದೆ?

ಉತ್ತರ: ಸಾಮಾನ್ಯವಾಗಿ ಇಳಿಯುತ್ತದೆ. ಕೊಳ್ಳುವವರು ಮೊದಲು ಕೇಳುವುದು ಎಷ್ಟು ಕೋಣೆಗಳಿವೆ ಎಂದು, ಆಮೇಲೆ ಅವುಗಳ ಅಳತೆ. ಜೊತೆಗೆ ಆ ಗೋಡೆ ಮೇಲಿನ ಭಾರ ಹೊತ್ತಿದೆಯೇ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳಬೇಕೇ ಹೊರತು ಮೇಸ್ತ್ರಿ ತಟ್ಟಿ ನೋಡಿ ಹೇಳುವಂಥದಲ್ಲ. ಮಂಜೂರಾದ ನಕ್ಷೆಗೂ ಮನೆಗೂ ತಾಳೆಯಾಗದಿದ್ದರೆ ಕೊಳ್ಳುವವರ ಬ್ಯಾಂಕ್ ಸಾಲವೇ ನಿಂತುಹೋಗಬಹುದು.